ಧನುರ್ಮಾಸದ ಮಬ್ಬಿನಲ್ಲಿ ಸೈಕಲ್ ಸವಾರ

"ಚೆನ್ನೈಯಲ್ಲಿ ಚಳಿಗಾಲವೆಂಬುದೊಂದು ಉಂಟೇ?" ಎಂದು ಊರಿನ ಬಂಧುಗಳು ನಗೆಯಾಡುವುದು ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿಗೆ ಅನುಭವವಿರುವ ಸಂಗತಿ. ಜನವರಿಯ ಬೆಳಗಿನ ಜಾವದಲ್ಲಿಯೂ ಉಷ್ಣತೆಯು 20 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವ ಈ ನಗರದಲ್ಲಿ, ಮಡಿಕೇರಿಯಿಂದಲೋ ಚಿಕ್ಕಮಗಳೂರಿನಿಂದಲೋ ಬಂದವರ ಕಂಬಳಿ ಪೆಟ್ಟಿಗೆಯ ತಳದಲ್ಲಿಯೇ ಉಳಿಯುವುದು ನಿಜ. ಆದರೆ ಋತುವನ್ನು ಮೈಗೆ ತಗಲುವ ಚಳಿಯಿಂದ ಅಳೆಯದೆ ರಸ್ತೆಯ ಮೇಲೆ ಬೀಳುವ ಬೆಳಕಿನಿಂದ ಅಳೆದು ನೋಡಿದರೆ, ಇಲ್ಲಿಯೂ ಒಂದು ಚಳಿಗಾಲವಿದೆ. ಅದು ಅಕ್ಟೋಬರ್ ತಿಂಗಳ ಮಳೆಯೊಡನೆ ಆರಂಭವಾಗಿ ಸಂಕ್ರಾಂತಿಯ ಹೊಗೆಯೊಡನೆ ಮುಗಿಯುತ್ತದೆ. ಆ ಮೂರು ತಿಂಗಳುಗಳಲ್ಲಿ ಇಲ್ಲಿನ ಹೆದ್ದಾರಿಗಳಲ್ಲಿ ಸೈಕಲ್ ತುಳಿಯುವವನ ಪಾಡೇನು, ಕಾರು, ಬಸ್ಸು, ಲಾರಿಗಳ ಚಾಲಕರು ಅವನನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಏಕೆ ಹಾಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಆರೋಗ್ಯದ ಪುಟಗಳಲ್ಲಿ ಈ ವಿಷಯಕ್ಕೇನು ಕೆಲಸವೆಂದು ಯಾರಾದರೂ ಕೇಳಿಯಾರು. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರಕ್ಕೂ ಹೆಚ್ಚು. ಮಧುಮೇಹ, ರಕ್ತದೊತ್ತಡಗಳಿಗೆ ಮೀಸಲಾದ ಪುಟಗಳ ನಡುವೆ ಇದಕ್ಕೂ ಒಂದಿಷ್ಟು ಜಾಗ ಸಲ್ಲಬೇಕೆಂದು ನನ್ನ ಭಾವನೆ.

ಮೊದಲು ಬೆಳಕಿನ ಲೆಕ್ಕವನ್ನು ನೋಡೋಣ. ಜೂನ್ ತಿಂಗಳ ಕಡೆಯಲ್ಲಿ ಚೆನ್ನೈಯ ಸೂರ್ಯಾಸ್ತವು ಸಂಜೆ 6 ಗಂಟೆ 38 ನಿಮಿಷದ ಸುಮಾರಿಗಾದರೆ, ನವೆಂಬರ್ ತಿಂಗಳ ಮಧ್ಯದಲ್ಲಿ ಅದು 5 ಗಂಟೆ 40 ನಿಮಿಷಕ್ಕೇ ಆಗಿಬಿಡುತ್ತದೆ. ಗಡಿಯಾರವು ದೇಶಕ್ಕೆಲ್ಲ ಒಂದೇ ಆದರೂ ಸೂರ್ಯನು ಆ ಗಡಿಯಾರವನ್ನು ನೋಡಿ ಮುಳುಗುವುದಿಲ್ಲ. ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿರುವ ಮಂಗಳೂರಿಗಿಂತ ಇಲ್ಲಿ ಸುಮಾರು 20 ನಿಮಿಷ ಮೊದಲೇ ಕತ್ತಲಾಗುತ್ತದೆ. ಕಛೇರಿ, ಕಾರ್ಖಾನೆ, ಶಾಲೆಯ ವಿಶೇಷ ತರಗತಿಗಳು ಬಿಡುವ ಹೊತ್ತು ಮಾತ್ರ ಜೂನ್ ತಿಂಗಳಿನದೇ. ಹೀಗಾಗಿ ಬೇಸಗೆಯಲ್ಲಿ ಹಗಲಿನಲ್ಲಿ ಮನೆ ಸೇರುತ್ತಿದ್ದ ಸವಾರನು ಈಗ ಕತ್ತಲೆಯಲ್ಲಿ ಸೇರಬೇಕು. ಅದರ ಮೇಲೆ ಮಳೆ. ನಮ್ಮ ಕಡೆಯ ಮುಂಗಾರು ಇಲ್ಲಿ ಬಹುಮಟ್ಟಿಗೆ ಹಾದುಹೋಗುತ್ತದೆ. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತವೇ ಸುರಿಸಿಬಿಡುತ್ತದೆ. 2015ರ ಡಿಸೆಂಬರ್ ತಿಂಗಳ ಪ್ರವಾಹವನ್ನೂ, 2023ರ ಡಿಸೆಂಬರ್ ತಿಂಗಳ ಮಿಚಾಂಗ್ ಚಂಡಮಾರುತವನ್ನೂ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆ ನಿಂತ ಮೇಲೆ ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ. ಆಗ ಸೂರ್ಯೋದಯ ಆರೂವರೆಯತ್ತ ಸರಿಯುತ್ತದೆ, ನೆಲಮಟ್ಟದಲ್ಲಿ ತೆಳ್ಳನೆಯ ಮಂಜು ನಿಲ್ಲುತ್ತದೆ. ಮಾಸಾಂತ್ಯದ ಭೋಗಿಯ ದಿನ ಹಳೆಯ ಚಾಪೆ, ಬಟ್ಟೆ, ಕೆಲವೆಡೆ ಟೈರುಗಳನ್ನೂ ಸುಡುವ ಹೊಗೆಯು ಆ ಮಂಜಿನೊಡನೆ ಬೆರೆತು, 2018ರ ಭೋಗಿಯಂದು ಇಲ್ಲಿನ ವಿಮಾನ ಸಂಚಾರವನ್ನೇ ಅಸ್ತವ್ಯಸ್ತಗೊಳಿಸಿತು. ವಿಮಾನ ಇಳಿಸಲಾಗದ ಮಬ್ಬಿನಲ್ಲಿ, ಅದೇ ವಿಮಾನ ನಿಲ್ದಾಣದ ಕಾಂಪೌಂಡಿನ ಆಚೆ, ಹಾಲಿನವನೂ ಪತ್ರಿಕೆಯ ಹುಡುಗನೂ ದೀಪವಿಲ್ಲದ ಸೈಕಲ್ ತುಳಿಯುತ್ತಿದ್ದರು.

ನಾನು ಕೆಲಸ ಮಾಡುವ ಶಾಖೆಯಿರುವ ಪಲ್ಲಾವರಂ ಈ ವಿಮಾನ ನಿಲ್ದಾಣದ ನೆರೆಯ ಊರು. ಬಹು ಪ್ರಾಚೀನವಾದ ನೆಲ ಇದು: 1863ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿಗೆ ಆದಿಮಾನವನ ಕಲ್ಲಿನ ಆಯುಧವು ದೊರೆತದ್ದು ಇಲ್ಲಿಯೇ. ಮುಂದೆ ನಮ್ಮ ಬಳ್ಳಾರಿ ಸೀಮೆಯ ಪ್ರಾಗೈತಿಹಾಸಿಕ ನೆಲೆಗಳನ್ನು ಶೋಧಿಸಿದವರೂ ಆತನೇ. ಇಂದು ಪಲ್ಲಾವರಂ ಎಂದರೆ ಮುಖ್ಯವಾಗಿ ರಸ್ತೆ. ದಕ್ಷಿಣದ ಜಿಲ್ಲೆಗಳಿಗೆ ಹೋಗುವ ಜಿ.ಎಸ್.ಟಿ. ರಸ್ತೆಯು ಊರಿನ ನಡುವೆ ಹಾಯುತ್ತದೆ. ಅಲ್ಲಿಂದ ಪೂರ್ವಕ್ಕೆ ಹೊರಟ ತೊರೈಪಾಕ್ಕಂ ರೇಡಿಯಲ್ ರಸ್ತೆಯು ದೊಡ್ಡ ಕೆರೆಯನ್ನು ಎರಡಾಗಿ ಸೀಳಿಕೊಂಡು ಸಾಫ್ಟ್‌ವೇರ್ ಕಂಪನಿಗಳ ಕಡೆಗೆ ಓಡುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಮೇಲ್ಸೇತುವೆಯೂ ತೆರೆಯಿತು. ವಾಹನಗಳಿಗೆ ಅದರಿಂದ ಅನುಕೂಲವಾದದ್ದು ಸತ್ಯ. ಸೇತುವೆಯ ಕೆಳಗೆ ಉಳಿದ ಇಕ್ಕಟ್ಟಿನಲ್ಲಿ ಬಸ್ಸು, ಆಟೋರಿಕ್ಷಾ, ಪಾದಚಾರಿ, ಸೈಕಲ್ಲು ಎಲ್ಲವೂ ಒಟ್ಟಿಗೆ ಸೇರಿಕೊಂಡದ್ದೂ ಸತ್ಯ. ಧನುರ್ಮಾಸದಲ್ಲಿ ಶಬರಿಮಲೆಗೂ ಮೇಲ್ಮರುವತ್ತೂರಿಗೂ ಹೋಗುವ ಯಾತ್ರಿಕರ ಬಸ್ಸುಗಳು, ಪೊಂಗಲ್ ಸಮಯದಲ್ಲಿ ಊರಿಗೆ ಹೊರಟವರ ವಾಹನಗಳು ಇದೇ ದಾರಿಯಲ್ಲಿ ಸಾಲುಗಟ್ಟುತ್ತವೆ. ಅಂದರೆ ವರ್ಷದಲ್ಲಿ ಬೆಳಕು ಅತ್ಯಂತ ಕಡಿಮೆಯಿರುವ ದಿನಗಳಲ್ಲಿಯೇ, ರಾತ್ರಿಯಿಡೀ ನಿದ್ರೆಗೆಟ್ಟ ಚಾಲಕರು ಅತ್ಯಂತ ಹೆಚ್ಚಾಗಿ ಇಲ್ಲಿ ಹಾಯುತ್ತಾರೆ.

ಈ ರಸ್ತೆಯಲ್ಲಿ ಸೈಕಲ್ ತುಳಿಯುವವರು ಯಾರು? ಭಾನುವಾರದ ಬೆಳಿಗ್ಗೆ ಬಣ್ಣದ ಉಡುಪು, ಮಿನುಗುವ ದೀಪಗಳೊಡನೆ ವ್ಯಾಯಾಮಕ್ಕೆ ಹೊರಡುವ ತರುಣರು ಉಂಟು; ಅವರ ಸೈಕಲ್ಲಿನ ಬೆಲೆ ನನ್ನ ಮೊದಲ ವರ್ಷದ ಸಂಬಳದಷ್ಟಿದ್ದೀತು. ಉಳಿದ ಆರು ದಿನಗಳಲ್ಲಿ ಕಾಣುವವರು ಬೇರೆ: ಚರ್ಮದ ಕಾರ್ಖಾನೆಯ ಕೆಲಸಗಾರ, ಕಟ್ಟಡದ ಕೂಲಿ, ಕಾವಲುಗಾರ, ಚಹಾದ ಡ್ರಮ್ಮನ್ನು ಕ್ಯಾರಿಯರಿಗೆ ಕಟ್ಟಿಕೊಂಡವನು, ಸರಕಾರ ಕೊಟ್ಟ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗ ಹುಡುಗಿಯರು. ತಮಿಳುನಾಡಿನಲ್ಲಿ ಹನ್ನೊಂದನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆಯಿದೆ. ನಮ್ಮ ಕರ್ನಾಟಕದಲ್ಲಿಯೂ 2006–07ರಲ್ಲಿ ಎಂಟನೆಯ ತರಗತಿಯವರಿಗಾಗಿ ಅಂತಹುದೇ ಯೋಜನೆ ಆರಂಭವಾದದ್ದು ಅನೇಕರಿಗೆ ನೆನಪಿರಬಹುದು. ಇವರಲ್ಲಿ ಬಹುಪಾಲು ಜನರಿಗೆ ಸೈಕಲ್ಲು ಹವ್ಯಾಸವಲ್ಲ, ಬಸ್ಸಿನ ಹಣವನ್ನು ಉಳಿಸುವ ಸಾಧನ. ಮಳೆಯೆಂದೋ ಮಂಜೆಂದೋ ಒಂದು ದಿನ ಬಿಟ್ಟು ಮರುದಿನ ಹೋಗೋಣವೆಂಬ ಆಯ್ಕೆ ಅವರಿಗಿಲ್ಲ.

ಅಂತಹ ಒಬ್ಬರು ನಮ್ಮ ಶಾಖೆಯ ಗ್ರಾಹಕರಾಗಿದ್ದರು. ಈರೋಡು ಜಿಲ್ಲೆಯ ತಾಳವಾಡಿಯ ಕಡೆಯ ಕನ್ನಡಿಗರು, ವಯಸ್ಸು ಐವತ್ತು ದಾಟಿತ್ತು. ರೈಲುಮಾರ್ಗದ ಆಚೆಯ ಪಮ್ಮಲ್‌ನಲ್ಲಿ ಬಾಡಿಗೆ ಮನೆ. ರೇಡಿಯಲ್ ರಸ್ತೆಯ ಒಂದು ವಸತಿ ಸಮುಚ್ಚಯದಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕಾವಲು ಕೆಲಸ. ಮೇಜಿನ ಮೇಲಿನ ಫಲಕದಲ್ಲಿ ನನ್ನ ಹೆಸರನ್ನು ಓದಿ, "ನೀವು ಕನ್ನಡದೋರಾ ಸ್ವಾಮಿ?" ಎಂದು ಕೇಳಿದ ದಿನದಿಂದ ನಮಗೆ ಪರಿಚಯ. ಒಂದು ಮಳೆಯ ದಿನ ಮೊಣಕಾಲಿನವರೆಗೆ ಕೆಸರಾಗಿ ಬಂದವರನ್ನು ಕಂಡು, "ಏನಾಯಿತು, ಬಿದ್ದಿರಾ?" ಎಂದೆ. "ಬೀಳ್ನಿಲ್ಲ ಸ್ವಾಮಿ, ಕಾರಿನೋನು ನೀರು ಎರಚ್ಬುಟ್ಟು ಹೋದ. ಹಿಂದ್ಗಡೆಯಿಂದ ಒಂದೇ ಸಮ ಹಾರನ್ ಹೊಡೀತಾನೆ. ನಾನು ಎಲ್ಲಿಗೆ ಹೋಗ್ಲಿ ಹೇಳಿ, ಮೋರಿಗಾ?" ಎಂದರು. ಆ ದಿನ ನಕ್ಕು ಸುಮ್ಮನಾದೆ. ಅದು ಉತ್ತರ ಬೇಡುವ ಪ್ರಶ್ನೆಯೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಾರಿನಲ್ಲಿ ಕುಳಿತವನಿಗೆ ರಸ್ತೆಯ ಎಡ ಅಂಚು ಖಾಲಿ ಬಿದ್ದಂತೆ ಕಾಣುತ್ತದೆ. ಸೈಕಲ್ಲಿನವನು ಆ ಖಾಲಿ ಜಾಗವನ್ನು ಬಿಟ್ಟು ಎರಡು ಮೂರು ಅಡಿ ಒಳಕ್ಕೆ ಬಂದು ತುಳಿಯುತ್ತಿದ್ದರೆ, ಅದು ಉದ್ಧಟತನವೆಂದೇ ನಮ್ಮ ತೀರ್ಮಾನ. ಆ ಅಂಚಿನಲ್ಲಿ ಏನಿದೆಯೆಂಬುದನ್ನು ಕೆಳಗಿಳಿದು ನೋಡಿದವರು ಕಡಿಮೆ. ನಾನು ಒಂದು ಭಾನುವಾರ ನಡೆದು ನೋಡಿದೆ. ಮಳೆನೀರಿನೊಡನೆ ಹರಿದು ಬಂದ ನುಣುಪಾದ ಮರಳು, ಡಾಂಬರು ಮುಗಿದು ಮಣ್ಣು ಆರಂಭವಾಗುವಲ್ಲಿ ಒಂದು ಗೇಣಿನಷ್ಟು ಇಳಿಜಾರು, ಮಳೆನೀರಿನ ಚರಂಡಿಯ ಮೇಲಿನ ಹಲಗೆಗಳ ನಡುವಿನ ಬಿರುಕು, ಗಾಜಿನ ಚೂರು, ನಿಂತ ಆಟೋರಿಕ್ಷಾ, ಮಲಗಿದ ಹಸು. ಬೇಸಗೆಯಲ್ಲಿ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಮಳೆಗಾಲದಲ್ಲಿ ಇವುಗಳ ಮೇಲೆ ಒಂದು ಅಡಿ ಕಂದು ಬಣ್ಣದ ನೀರು ನಿಂತಿರುತ್ತದೆ. ಆ ನೀರಿನ ಕೆಳಗೆ ಗಟ್ಟಿ ನೆಲವಿದೆಯೋ ತೆರೆದ ಮ್ಯಾನ್‌ಹೋಲ್ ಇದೆಯೋ ಎಂಬುದು ಯಾರಿಗೂ ತಿಳಿಯದು. ಕಾರಿನ ಚಕ್ರ ಗುಂಡಿಗೆ ಬಿದ್ದರೆ ವರ್ಕ್‌ಶಾಪಿನ ಖರ್ಚು. ಸೈಕಲ್ಲಿನ ಮುಂಚಕ್ರ ಬಿದ್ದರೆ ಸವಾರನು ಹಿಡಿಯ ಮೇಲಿನಿಂದ ತಲೆಕೆಳಗಾಗಿ, ಹಿಂದಿನಿಂದ ಬರುವ ವಾಹನದ ಮುಂದೆಯೇ ಬೀಳುತ್ತಾನೆ. ಅವನು ಒಳಕ್ಕೆ ಬಂದು ತುಳಿಯುವುದು ಈ ಕಾರಣಕ್ಕೆ. ಅವನು ಆಗಾಗ್ಗೆ ಬಲಕ್ಕೆ ಓಲುವುದೂ ಗುಂಡಿಯನ್ನು ತಪ್ಪಿಸುವುದಕ್ಕೇ ಹೊರತು ನಮ್ಮನ್ನು ಕೆಣಕುವುದಕ್ಕಲ್ಲ. ಆ ಕ್ಷಣದಲ್ಲಿ ಬೆನ್ನ ಹಿಂದೆ ಕೂಗುವ ಹಾರನ್ನಿನಿಂದ ಅವನಿಗೆ ಯಾವ ಹೊಸ ಸಮಾಚಾರವೂ ದೊರೆಯುವುದಿಲ್ಲ; ವಾಹನ ಬರುತ್ತಿದೆಯೆಂಬುದನ್ನು ಅವನು ಎಂಜಿನ್ನಿನ ಸದ್ದಿನಿಂದಲೇ ಬಲ್ಲ. ಬೆಚ್ಚಿ ಹಿಡಿಯನ್ನು ತಿರುಗಿಸುವುದೊಂದೇ ಅದರ ಫಲ.

ಇನ್ನು ಕಣ್ಣಿನ ವಿಷಯ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿದವನು. ಆದರೂ ಇಲ್ಲಿ ಹೇಳುವ ಮಾತುಗಳು ನೇತ್ರವೈದ್ಯಶಾಸ್ತ್ರದಲ್ಲಿ ಸುವಿದಿತವಾದವು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎದುರಿನಿಂದ ಬಂದ ವಾಹನದ ಹೈಬೀಮ್ ಬೆಳಕು ಈ ಹೊಂದಾಣಿಕೆಯನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ. ಮತ್ತೆ ಸ್ಪಷ್ಟವಾಗಿ ಕಾಣಲು ಹಲವು ಸೆಕೆಂಡುಗಳು ಹಿಡಿಯುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಣ್ಣು ಕೋರೈಸಿದರೆ 50 ಮೀಟರ್ ರಸ್ತೆಯನ್ನು ನಾವು ಕುರುಡರಂತೆ ದಾಟಿರುತ್ತೇವೆ. ವಯಸ್ಸಾದಂತೆ ಈ ದೋಷ ಹೆಚ್ಚುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗವಷ್ಟೇ. ಪೊರೆಯ ಆರಂಭದ ದೆಸೆಯಲ್ಲಿರುವವರಿಗೆ ಎದುರಿನ ದೀಪವು ಒಂದು ಬಿಂದುವಾಗಿರದೆ ಹರಡಿದ ಬಿಳಿಯ ಪರದೆಯಾಗಿ ತೋರುತ್ತದೆ. ಹಗಲಿನಲ್ಲಿ ಪತ್ರಿಕೆಯನ್ನು ಚೆನ್ನಾಗಿ ಓದಬಲ್ಲೆನೆಂಬುದು ರಾತ್ರಿ ಕಾರು ನಡೆಸಲು ಪ್ರಮಾಣಪತ್ರವಲ್ಲ. ನಮ್ಮಲ್ಲಿ ನಲವತ್ತೈದು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯುಳ್ಳವರು, ಮಳೆಗಾಲಕ್ಕೆ ಮುಂಚೆ ಒಮ್ಮೆ ಕಣ್ಣನ್ನು ತೋರಿಸಿಕೊಳ್ಳುವುದು ಲೇಸು.

ಒದ್ದೆಯಾದ ಡಾಂಬರು ಈ ತೊಂದರೆಯನ್ನು ಇಮ್ಮಡಿಗೊಳಿಸುತ್ತದೆ. ಒಣಗಿದ ರಸ್ತೆಯು ಒರಟಾದುದರಿಂದ ನಮ್ಮ ದೀಪದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸಿ, ಸ್ವಲ್ಪವನ್ನು ನಮ್ಮ ಕಣ್ಣಿಗೂ ಹಿಂದಿರುಗಿಸುತ್ತದೆ. ನೀರು ನಿಂತ ರಸ್ತೆ ಕನ್ನಡಿಯಂತೆ. ನಮ್ಮ ಬೆಳಕನ್ನು ಮುಂದಕ್ಕೆ ಎಸೆದುಬಿಡುತ್ತದೆ, ಎದುರಿನವನ ಬೆಳಕನ್ನು ನಮ್ಮ ಕಣ್ಣಿಗೆ ಹೊಡೆಯುತ್ತದೆ. ಮುಂಗಾಜಿನ ಒಳಗೆ ಉಸಿರಿನ ಮಂಜು, ಹೊರಗೆ ಸವೆದ ವೈಪರ್ ಎಳೆದ ಗೆರೆಗಳು. ಈ ಎಲ್ಲದರ ಆಚೆ, ಕಪ್ಪು ರೇನ್‌ಕೋಟು ತೊಟ್ಟು, ಕಪ್ಪು ಸೈಕಲ್ಲಿನ ಮೇಲೆ ಒಬ್ಬ ಮನುಷ್ಯನಿದ್ದಾನೆ.

ಕಂಡ ಮೇಲಾದರೂ ನಿಲ್ಲಿಸಬಹುದೇ? ಗುಣಾಕಾರ ಬಲ್ಲವರು ಮಾಡಿ ನೋಡಬಹುದಾದ ಲೆಕ್ಕವಿದು. ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಎಂದಿಟ್ಟುಕೊಂಡರೆ, 60 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಅನಂತರ ಒಣ ರಸ್ತೆಯಲ್ಲಿ ಇನ್ನು 20 ಮೀಟರ್. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಕುಗ್ಗುವುದರಿಂದ 35 ಮೀಟರ್. ಒಟ್ಟು 60 ಮೀಟರ್ ಆಯಿತು. ಡಿಮ್ ದೀಪದಲ್ಲಿ ಕಪ್ಪು ಬಟ್ಟೆಯವನು ಇಷ್ಟು ದೂರದಿಂದ ಕಾಣುವುದು ದುರ್ಲಭ. ವೇಗವನ್ನು 40ಕ್ಕೆ ಇಳಿಸಿದರೆ ಇದೇ ಲೆಕ್ಕ ಸುಮಾರು 32 ಮೀಟರಿಗೆ ಇಳಿಯುತ್ತದೆ. ಏಕೆಂದರೆ ಬ್ರೇಕಿನ ದೂರವು ವೇಗದ ವರ್ಗಕ್ಕೆ ಅನುಗುಣವಾದುದು, ಚಕ್ರಬಡ್ಡಿಯಂತೆ ಏರುವಾಗಲೂ ಇಳಿಯುವಾಗಲೂ ವಿಪರೀತ. ಸರಾಸರಿ ವೇಗವು ಶೇಕಡಾ 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವವು ಶೇಕಡಾ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಕಲ್ಲಿನವನೂ ಮಳೆಯಲ್ಲಿ ಬೇಗ ನಿಲ್ಲಲಾರ. ನೆನೆದ ಉಕ್ಕಿನ ರಿಮ್ಮಿನ ಮೇಲೆ ರಬ್ಬರಿನ ಬ್ರೇಕು ಜಾರುತ್ತದೆ. ಅವನ ಮುಂದೆ ಥಟ್ಟನೆ ಎಡಕ್ಕೆ ಎಳೆದು ಪ್ರಯಾಣಿಕರನ್ನು ಇಳಿಸುವ ಬಸ್ಸಿನವರೂ, ಹಿಂದೆ ನೋಡದೆ ಬಾಗಿಲು ತೆರೆಯುವ ಕಾರಿನವರೂ ಇದನ್ನು ತಿಳಿದಿರಬೇಕು. ಬಲಬದಿಯ ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸವನ್ನು ಮಾಡಿಕೊಂಡರೆ ಮೈ ತಾನಾಗಿಯೇ ತಿರುಗಿ, ಹಿಂದೆ ಬರುವವನು ಕಣ್ಣಿಗೆ ಬೀಳುತ್ತಾನೆ.

ಇಷ್ಟೆಲ್ಲ ಕಾಣದ ಕಾರಣದಿಂದ ಆಗುವ ಅಪಚಾರ. ಕಂಡೂ ಮಾಡುವುದೊಂದು ಉಂಟು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ ಇಯಾನ್ ವಾಕರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸೈಕಲ್ಲಿಗೆ ದೂರವನ್ನು ಅಳೆಯುವ ಉಪಕರಣವನ್ನು ಕಟ್ಟಿಕೊಂಡು ರಸ್ತೆಗಿಳಿದು, ಎರಡು ಸಾವಿರಕ್ಕೂ ಹೆಚ್ಚು ವಾಹನಗಳು ತಮ್ಮನ್ನು ಎಷ್ಟು ಅಂತರದಲ್ಲಿ ಹಿಂದಿಕ್ಕಿದವೆಂದು ದಾಖಲಿಸಿದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶ ವಿಚಿತ್ರ. ಹೆಲ್ಮೆಟ್ ತೊಟ್ಟಾಗ ಚಾಲಕರು ಇನ್ನೂ ಹತ್ತಿರದಲ್ಲಿ ಹಾದರು. ಉದ್ದ ಕೂದಲಿನ ಟೋಪನ್ ಧರಿಸಿ ಹೆಂಗಸಿನಂತೆ ಕಂಡಾಗ ಹೆಚ್ಚು ಜಾಗ ಬಿಟ್ಟರು. ಪ್ರಯೋಗದ ನಡುವೆ ಒಂದು ಬಸ್ಸೂ ಒಂದು ಲಾರಿಯೂ ಅವರಿಗೆ ತಗುಲಿದವು. ಮುಂದೆ ಅವರು ಬಗೆಬಗೆಯ ಉಡುಪುಗಳಲ್ಲಿ ಇದನ್ನು ಮತ್ತೆ ನಡೆಸಿದಾಗ, ಏನು ತೊಟ್ಟರೂ ನೂರರಲ್ಲಿ ಒಂದೆರಡು ವಾಹನಗಳು 50 ಸೆಂಟಿಮೀಟರಿಗಿಂತ ಹತ್ತಿರದಲ್ಲಿ ಹಾದುಹೋದವು. ಬ್ಯಾಂಕಿನವನ ರೀತಿಯಲ್ಲಿ ಇದನ್ನು ಲೆಕ್ಕ ಹಾಕುತ್ತೇನೆ: ಜಿ.ಎಸ್.ಟಿ. ರಸ್ತೆಯಲ್ಲಿ ಒಬ್ಬ ಸವಾರನನ್ನು ದಿನಕ್ಕೆ 300 ವಾಹನಗಳು ಹಿಂದಿಕ್ಕಿದವೆಂದುಕೊಂಡರೆ, ಅವುಗಳಲ್ಲಿ ಮೂರು ಮೊಳದಂತರದಲ್ಲಿ ಅವನ ಮೊಣಕೈಯನ್ನು ಸವರಿಕೊಂಡು ಹೋಗುತ್ತವೆ. ಇಂಗ್ಲೆಂಡಿನ ಶಿಸ್ತನ್ನು ನಮ್ಮ ರಸ್ತೆಗೆ ಹೊಂದಿಸಿದ ಲೆಕ್ಕವಾದ್ದರಿಂದ ಇದು ಬಹಳ ಉದಾರವಾದುದೇ ಸರಿ. ಜರ್ಮನಿಯಲ್ಲಿ 2020ರಿಂದ, ಸೈಕಲ್ಲನ್ನು ಹಿಂದಿಕ್ಕುವವರು ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಜಾಗ ಬಿಡಬೇಕೆಂಬುದು ಕಾನೂನು.

2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನವು ಇನ್ನೂ ಕಠೋರ. ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಸೈಕಲ್ ಸವಾರರನ್ನು ಮನುಷ್ಯತ್ವದ ಮಾಪಕದಲ್ಲಿ ಪೂರ್ಣ ಮನುಷ್ಯರಿಗಿಂತ ಕೆಳಗೆ ಗುರುತಿಸಿದರಂತೆ. ಓದಿದಾಗ ನನಗೆ ಅಸಹ್ಯವಾಯಿತು. ಆದರೆ ನನ್ನನ್ನೇ ಕೇಳಿಕೊಂಡಾಗ ಉತ್ತರ ಅಷ್ಟು ಸುಲಭವಾಗಿರಲಿಲ್ಲ. ಕಾರು ಕೊಂಡ ಮೊದಲ ವರ್ಷ ನಾನೂ ಹಾರನ್ ಒತ್ತಿದವನೇ. ಮುಂದೆ ಇರುವುದು ಲಾರಿಯಾದರೆ ಕಾಯುತ್ತೇನೆ, ಏಕೆಂದರೆ ತಗುಲಿದರೆ ನಷ್ಟ ನನಗೆ. ಸೈಕಲ್ಲಾದರೆ ಕಾಯುವುದಿಲ್ಲ, ಏಕೆಂದರೆ ನಷ್ಟ ಅವನಿಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಾದವೇ ಆಕ್ಸಲರೇಟರಿನ ಮೇಲೆ ಈ ಲೆಕ್ಕವನ್ನು ಮಾಡಿ ಮುಗಿಸುತ್ತದೆ. ನನ್ನ ತಂದೆಯವರು ಮೂವತ್ತು ವರ್ಷ ಸೈಕಲ್ಲಿನಲ್ಲಿಯೇ ಕೆಲಸಕ್ಕೆ ಹೋದವರು. ಹಿಂಚಕ್ರಕ್ಕೆ ಒರಗಿ ಗುಂಯ್‌ಗುಟ್ಟುತ್ತಿದ್ದ ಡೈನಮೋ ಸದ್ದು ಕೇಳಿಸಿದರೆ ನಮ್ಮ ತಾಯಿ ಅನ್ನಕ್ಕೆ ಎಲೆ ಹಾಕುತ್ತಿದ್ದರು. ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲವದು. ಆ ಸೈಕಲ್ಲಿನ ದುಡಿಮೆಯಲ್ಲಿ ಬಿ.ಕಾಂ. ಓದಿದ ಮಗನು ಕಾರಿನೊಳಗೆ ಕುಳಿತ ಕೂಡಲೆ ಅದನ್ನೆಲ್ಲ ಮರೆತನು.

ಸವಾರರು ತಮ್ಮ ಮಟ್ಟಿಗೆ ಮಾಡಬಹುದಾದದ್ದು ಸ್ವಲ್ಪವುಂಟು. ಹಿಂದೆ ಕೆಂಪು ದೀಪ, ಮುಂದೆ ಬಿಳಿಯ ದೀಪ. ಕೋಶದಿಂದ ಉರಿಯುವ ಅಗ್ಗದ ದೀಪಗಳು ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿಯೂ ದೊರೆಯುತ್ತವೆ. ಹೊಳೆಯುವ ಹಳದಿ ಹಸಿರು ಅಂಗಿಯು ಮುಸ್ಸಂಜೆಗೆ ಉಪಯುಕ್ತ, ರಾತ್ರಿಗೆ ಅಲ್ಲ. ಆ ಬಣ್ಣ ಹೊಳೆಯುವುದು ಹಗಲಿನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಿಂದ. ರಾತ್ರಿಗೆ ಬೇಕಾದದ್ದು ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಬೆನ್ನಿಗಿಂತ ಪಾದದ ಗಂಟಿಗೆ ಕಟ್ಟಿಕೊಂಡರೆ ಹೆಚ್ಚು ಫಲ, ಏಕೆಂದರೆ ಮೇಲೆ ಕೆಳಗೆ ಆಡುವ ಎರಡು ಬೆಳಕುಗಳನ್ನು ಕಂಡ ಕೂಡಲೆ ಅದು ಮನುಷ್ಯನ ಕಾಲೆಂದು ನಮ್ಮ ಮಿದುಳು ಗುರುತಿಸುತ್ತದೆ. ಮನೆಗೆ ಹಾಲು, ಪತ್ರಿಕೆ ತರುವ ಹುಡುಗರಿಗೆ ನಮ್ಮ ಸದಸ್ಯರು ದೀಪಾವಳಿಯ ಇನಾಮಿನೊಡನೆ ಇಂತಹ ಎರಡು ಪಟ್ಟಿಗಳನ್ನು ಕೊಡಬಹುದು. ಆದರೆ ದೀಪವಿಲ್ಲದವನನ್ನು ಗುದ್ದಲು ಅದು ಪರವಾನಗಿಯಲ್ಲ. ವಾಹನದ ಬಲವುಳ್ಳವನು ವೇಗವನ್ನು ತನಗೆ ಕಾಣುವಷ್ಟು ದೂರಕ್ಕೆ ಮಿತಗೊಳಿಸಬೇಕು. ಎದುರು ವಾಹನ ಬಂದಾಗ ಡಿಮ್ ಮಾಡಬೇಕು. ಒಂದು ಬಾಗಿಲು ಪೂರ್ತಿ ತೆರೆಯುವಷ್ಟಾದರೂ ಜಾಗ ಬಿಡಲಾಗದಿದ್ದರೆ ಸೈಕಲ್ಲಿನ ಹಿಂದೆಯೇ ನಿಧಾನವಾಗಿ ಸಾಗಬೇಕು. ಹೀಗೆ ಕಾದರೆ ನಷ್ಟವಾಗುವುದು ಹೆಚ್ಚೆಂದರೆ ಅರ್ಧ ನಿಮಿಷ. ಮುಂದಿನ ಸಿಗ್ನಲ್ಲಿನಲ್ಲಿ ಅದೂ ಸರಿಹೋಗುತ್ತದೆ.

ಆ ತಾಳವಾಡಿಯ ಗ್ರಾಹಕರು 2023ರ ಡಿಸೆಂಬರ್ ತಿಂಗಳ ಕೊನೆಯ ವಾರ, ಬೆಳಗಿನ ಐದೂವರೆಯ ಮಂಜಿನಲ್ಲಿ ಕೆಲಸಕ್ಕೆ ಹೊರಟಿದ್ದಾಗ ಹಿಂದಿನಿಂದ ಬಂದ ವಾಹನವೊಂದು ತಗುಲಿತು. ಅದು ನಿಲ್ಲಲಿಲ್ಲ. ಬಾಗಿಲಿಗೆ ರಂಗೋಲಿಯಿಡಲು ಎದ್ದಿದ್ದ ಹೆಂಗಸರು ಸದ್ದು ಕೇಳಿ ಓಡಿಬಂದರು. ಇನ್ನೂ ಕೆಲವರು ಕೂಡಿದರು. ಪೊಲೀಸ್ ಕೇಸು ಮೈಮೇಲೆ ಬಂದೀತೆಂದು ಹೆದರಿ ಬಹಳ ಹೊತ್ತು ಯಾರೂ ಮುಟ್ಟಲಿಲ್ಲವಂತೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಪತ್ನಿ ಇಪ್ಪತ್ತು ದಿನಗಳ ನಂತರ ಪಾಸ್‌ಬುಕ್ ಹಿಡಿದು ಬಂದಾಗಲೇ ನನಗೆ ತಿಳಿದದ್ದು. ಖಾತೆಯಲ್ಲಿ ಉಳಿದ ಎರಡು ಸಾವಿರ ಚಿಲ್ಲರೆ ರೂಪಾಯಿಗಳನ್ನು ಕೇಳಲು ಅವರು ಬಂದಿದ್ದರು. ಪುಟ ತಿರುಗಿಸಿದಾಗ ಜೂನ್ 1ರ ತಾರೀಖಿನಲ್ಲಿ 20 ರೂಪಾಯಿಯ ಖರ್ಚು ಕಂಡಿತು. "ಇದೇನು ಸ್ವಾಮಿ, ಬ್ಯಾಂಕಿನೋರು ಹಿಡ್ಕೊಂಡಿದ್ದಾ?" ಎಂದರು ಆ ತಾಯಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. 2 ಲಕ್ಷ ರೂಪಾಯಿಯ ಅಪಘಾತ ವಿಮೆ. ಗಂಡ ಸಹಿ ಹಾಕಿದ್ದನ್ನು ಹೆಂಡತಿ ತಿಳಿದಿರಲಿಲ್ಲ. ಸಹಿ ಹಾಕಿಸಿಕೊಂಡ ನಮ್ಮ ಕಡೆಯವರೂ ಮನೆಯವರಿಗೆ ಹೇಳಿರೆಂದು ಎಚ್ಚರಿಸಿರಲಿಲ್ಲ.

ಆದುದರಿಂದ ಇಲ್ಲಿ ನನ್ನ ವೃತ್ತಿಯ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಓದುಗರ ಅನುಮತಿ ಬೇಡುತ್ತೇನೆ. ಈ ವಿಮೆಯು 18ರಿಂದ 70 ವರ್ಷದವರೆಗಿನ ಬ್ಯಾಂಕ್ ಖಾತೆದಾರರಿಗೆ ದೊರೆಯುತ್ತದೆ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಆ 20 ರೂಪಾಯಿ ಇರದಿದ್ದರೆ ರಕ್ಷಣೆ ತಪ್ಪಿಹೋಗುತ್ತದೆ. ಅಪಘಾತವಾದರೆ ಪೊಲೀಸರ ಪ್ರಥಮ ವರ್ತಮಾನ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಮರಣಪತ್ರಗಳೊಡನೆ ಸಾಧ್ಯವಾದಷ್ಟೂ 30 ದಿನಗಳೊಳಗೆ ಬ್ಯಾಂಕಿಗೆ ಅರ್ಜಿ ಕೊಡಬೇಕು. ಎರಡನೆಯದಾಗಿ, ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಪರಿಹಾರವಿದೆ. ಮೋಟಾರು ವಾಹನ ಕಾಯಿದೆಯ 161ನೆಯ ಕಲಮಿನಂತೆ 2022ರ ಏಪ್ರಿಲ್ 1ರಿಂದ ಈ ಮೊತ್ತವು ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೆ ಮುಂಚೆ ಕೇವಲ 25,000 ಮತ್ತು 12,500 ಇತ್ತು. ಅರ್ಜಿಯನ್ನು ತಾಲ್ಲೂಕಿನ ಕಂದಾಯಾಧಿಕಾರಿಯ ಕಛೇರಿಯಲ್ಲಿ ಸಲ್ಲಿಸಬೇಕು. ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹೋಗಬೇಕು. ಚಿಕಿತ್ಸೆಯ ಬಗ್ಗೆಯೂ ಒಂದು ಮಾತು: ತಮಿಳುನಾಡಿನಲ್ಲಿ 2021ರ ಡಿಸೆಂಬರ್ 18ರಂದು ಆರಂಭವಾದ ಯೋಜನೆಯಂತೆ, ಇಲ್ಲಿನ ರಸ್ತೆಯಲ್ಲಿ ಗಾಯಗೊಂಡವರು ಯಾವ ರಾಜ್ಯದವರೇ ಆಗಿರಲಿ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ. 2025ರ ಮೇ ತಿಂಗಳಿಂದ ಕೇಂದ್ರ ಸರಕಾರದ ಯೋಜನೆಯೂ ಜಾರಿಗೆ ಬಂದಿದ್ದು, ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ ಪಡೆಯಬಹುದು.

ಬಿದ್ದವನನ್ನು ಮುಟ್ಟಲು ಹೆದರುವವರಿಗೆ: 108ಕ್ಕೆ ಕರೆ ಮಾಡಿದವರು ಹೆಸರು ಹೇಳಬೇಕಾಗಿಲ್ಲ. ಸಹಾಯಕ್ಕೆ ಬಂದವರನ್ನು ಪೀಡಿಸಕೂಡದೆಂಬ ಮಾರ್ಗಸೂಚಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮುದ್ರೆಯೊತ್ತಿತು. 2019ರ ತಿದ್ದುಪಡಿಯಿಂದ ಅದು ಕಾಯಿದೆಯ 134ಎ ಕಲಮಾಗಿದೆ. ತಲೆಗೆ ಪೆಟ್ಟಾದವನಿಗೆ ನೀರು ಕುಡಿಸಬಾರದು, ಕತ್ತನ್ನು ಅಲುಗಿಸಿ ಎಬ್ಬಿಸಿ ಕೂರಿಸಬಾರದು; ರಕ್ತ ಹರಿಯುವಲ್ಲಿ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಬೇಕು, ಒದ್ದೆ ಮೈಗೆ ಒಂದು ಹೊದಿಕೆ ಹಾಕಬೇಕು. ಪೆಟ್ಟು ಕೊಟ್ಟ ಚಾಲಕನಿಗಂತೂ ನಿಂತು ಚಿಕಿತ್ಸೆ ಕೊಡಿಸುವುದು 134ನೆಯ ಕಲಮಿನ ಪ್ರಕಾರ ಕರ್ತವ್ಯ. ನಿರ್ಲಕ್ಷ್ಯದಿಂದ ಮರಣವುಂಟುಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯು ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷವೆಂಬ ಉಪವಿಧಿಯೂ ಅದರಲ್ಲಿತ್ತು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯೊಂದನ್ನು ತಡೆಹಿಡಿಯಲಾಯಿತು.

ವಿಮೆಯ ಹಣ ಆ ಕುಟುಂಬಕ್ಕೆ ಬಂದಿತು. ಓಡಿಹೋದ ವಾಹನದ ಪರಿಹಾರಕ್ಕೆ ಇನ್ನೂ ಕೆಲವು ಕಾಗದಗಳು ಬೇಕಾಗಿದ್ದವು. 2024ರ ನವೆಂಬರ್ ತಿಂಗಳ ಒಂದು ಸಂಜೆ, ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದ ಮಗ ಅವನ್ನು ತಂದುಕೊಟ್ಟನು. ಪರಿಶೀಲಿಸಿ ಮುಗಿಸುವಾಗ ಆರು ಗಂಟೆ ಹೊಡೆದಿತ್ತು, ಜಿಟಿಜಿಟಿ ಮಳೆ ಹಿಡಿದಿತ್ತು. ಹೊರಗೆ ಬಂದು ನೋಡಿದರೆ, ರಿಮ್ಮು ನೆಟ್ಟಗೆ ಮಾಡಿಸಿದ ಅದೇ ಸೈಕಲ್ಲು. "ದೀಪ ಇಲ್ಲವೇನಪ್ಪ?" ಎಂದೆ. "ಪಕ್ಕದಲ್ಲೇ ಸಾರ್, ಹೋಗ್ಬುಡ್ತೀನಿ" ಎಂದು ಪ್ಲಾಸ್ಟಿಕ್ ಚೀಲವನ್ನು ತಲೆಗೆ ಹಾಕಿಕೊಂಡು ಹೊರಟನು. ನಾನು ಕಾರನ್ನು ತೆಗೆದು, ದೀಪವನ್ನು ಡಿಮ್ ಮಾಡಿ, ಎಚ್ಚರಿಕೆಯ ಸೂಚಕಗಳನ್ನು ಮಿನುಗಿಸುತ್ತ ಅವನ ಹಿಂದೆ ಅವನದೇ ವೇಗದಲ್ಲಿ ಸಾಗಿದೆ. ಹಿಂದಿನಿಂದ ಹಾರನ್ನುಗಳು ಒಂದೇ ಸಮನೆ ಕೂಗುತ್ತಿದ್ದವು. ಒಬ್ಬರು ಪಕ್ಕಕ್ಕೆ ಬಂದು ಗಾಜು ಇಳಿಸಿ ತಮಿಳಿನಲ್ಲಿ ಏನನ್ನೋ ಹೇಳಿ ಹೋದರು. ರೈಲುಮಾರ್ಗವನ್ನು ದಾಟಿ ಹುಡುಗನು ಪಮ್ಮಲ್ ಕಡೆಯ ಗಲ್ಲಿಗೆ ಹೊರಳುವವರೆಗೂ ಹಾಗೆಯೇ ಹೋದೆ. ಒಮ್ಮೆಯೂ ಅವನು ಹಿಂತಿರುಗಿ ನೋಡಲಿಲ್ಲ.